ಒಂದು ಬೂತಿನಿಂದ ಶುರು: ಮಲೆನಾಡಿನ ವಿದ್ಯಾರ್ಥಿಗಳು ರಾಜಕೀಯಕ್ಕೆ ಬರುವ ದಾರಿ

ಪ್ರತಿ ವರ್ಷ ಡಿಗ್ರಿ ರಿಸಲ್ಟ್ ಬಂದ ಮೇಲೆ ಇಬ್ಬರೋ ಮೂವರೋ ಹುಡುಗರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ತೀರ್ಥಹಳ್ಳಿ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕೂತು, ಬನ್ಸ್ ಮುರಿಯುತ್ತಾ, ಅಡಿಕೆ ರೇಟು, ಮಳೆ, ಎಲೆಚುಕ್ಕಿ ರೋಗ ಅಂತ ಊರ ಮಾತೆಲ್ಲ ಮುಗಿಸಿ ಆಮೇಲೆ ಮೆಲ್ಲಗೆ ವಿಷಯಕ್ಕೆ ಬರುತ್ತಾರೆ. "ಅಣ್ಣ, ರಾಜಕೀಯಕ್ಕೆ ಬರ್ಬೇಕು ಅಂತಿದೀನಿ. ಯಾರನ್ನ ಹಿಡೀಬೇಕು?"

ಪ್ರಶ್ನೆಯೇ ತಪ್ಪು. ಯಾರನ್ನೋ ಹಿಡಿದು ಬಂದವರು ಹತ್ತು ವರ್ಷ ಕಳೆದರೂ ಅವರ ಕಾರಿನ ಹಿಂದಿನ ಸೀಟಿನಲ್ಲೇ ಇರುತ್ತಾರೆ. ಹಾರ ತರುವುದು, ಫ್ಲೆಕ್ಸ್ ಕಟ್ಟುವುದು, ಸೆಲ್ಫಿ ಹಾಕುವುದು ಅವರ ಕೆಲಸ. ನಾನು ಹೇಳುವುದು ಒಂದೇ ಮಾತು: "ನಿಮ್ಮ ಬೂತಿನ ಮತದಾರರ ಪಟ್ಟಿ ತಗೊಂಡು ಬಾ, ಆಮೇಲೆ ಮಾತಾಡೋಣ." ಹತ್ತರಲ್ಲಿ ಎಂಟು ಜನ ವಾಪಸ್ ಬರುವುದಿಲ್ಲ. ಬಂದ ಇಬ್ಬರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ನನ್ನ ಬಗ್ಗೆ ಎರಡು ಮಾತು. ಹೊಸನಗರ ತಾಲ್ಲೂಕಿನವನು. ಒಂದೂವರೆ ಎಕರೆ ತೋಟ ಇದೆ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತು 9 ಮತದಿಂದ ಸೋತೆ. ಹಾಗಾಗಿ ಇದು ಗೆದ್ದವರ ಉಪದೇಶ ಅಲ್ಲ.

ಮೊದಲು ಹೊಟ್ಟೆಪಾಡು

ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಮೊದಲು ಹೇಳುತ್ತೇನೆ. ರಾಜಕೀಯದಲ್ಲಿ ಮೊದಲ ಐದಾರು ವರ್ಷ ಒಂದು ರೂಪಾಯಿ ಹುಟ್ಟುವುದಿಲ್ಲ. ಪಂಚಾಯಿತಿ ಸದಸ್ಯರಾದರೂ ಬರುವ ಗೌರವಧನ ಬೈಕಿನ ಪೆಟ್ರೋಲಿಗೂ ಸಾಲದು. ಸ್ವಂತ ಸಂಪಾದನೆ ಇಲ್ಲದವನು ಬೇಗ ಯಾರದೋ ಜೇಬಿನವನಾಗುತ್ತಾನೆ. ಗುತ್ತಿಗೆದಾರರು ಕೊಡುವ ಮೊದಲ 5,000 ರೂಪಾಯಿ ತಗೊಂಡ ದಿನವೇ ನಿಮ್ಮ ರಾಜಕೀಯ ಮುಗಿಯಿತು ಅಂತ ತಿಳಿಯಿರಿ.

ಆದ್ದರಿಂದ ಹೊತ್ತು ನಮ್ಮ ಕೈಯಲ್ಲಿರುವ ಒಂದು ಕೆಲಸ ನೋಡಿಕೊಳ್ಳಿ. ತೋಟ ಇದ್ದರೆ ತೋಟ. ಟ್ಯೂಷನ್, ವಿಮೆ ಏಜೆನ್ಸಿ, ಪತ್ರಿಕೆಗೆ ತಾಲ್ಲೂಕು ವರದಿಗಾರಿಕೆ, ಯಾವುದಾದರೂ ಆದೀತು. ಡಿಗ್ರಿ ಮುಗಿಸಿದವರಿಗೆ ಮೂರು ವರ್ಷದ ಎಲ್‌ಎಲ್‌ಬಿ ಒಳ್ಳೆಯ ದಾರಿ. ಕೋರ್ಟ್ ಕಚೇರಿ ಭಾಷೆ ಬರುತ್ತದೆ, ಜನರೂ ಬರುತ್ತಾರೆ. ನನ್ನ ಕೇಳಿದರೆ ತಾಲ್ಲೂಕು ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯೇ ಎಲ್ಲಕ್ಕಿಂತ ದೊಡ್ಡ ವಿಶ್ವವಿದ್ಯಾಲಯ. ಯಾರ ಪಹಣಿಯಲ್ಲಿ ಯಾರ ಹೆಸರಿದೆ, ಯಾರ ಪೋಡಿ (ಜಮೀನು ಅಳೆದು ಭಾಗ ಮಾಡುವ ಕೆಲಸ) ಎಷ್ಟು ವರ್ಷದಿಂದ ಕೂತಿದೆ ಅನ್ನುವುದು ಆ ಅಂಗಡಿಯವನಿಗೆ ಗೊತ್ತಿರುವಷ್ಟು ಶಾಸಕರಿಗೂ ಗೊತ್ತಿರುವುದಿಲ್ಲ.

ಸರ್ಕಾರಿ ನೌಕರಿ ಮಾತ್ರ ಇದಕ್ಕೆ ಹೊಂದುವುದಿಲ್ಲ. ನೌಕರರು ಪಕ್ಷ ಸೇರುವ ಹಾಗಿಲ್ಲ, ಚುನಾವಣೆಗೆ ನಿಲ್ಲುವ ಹಾಗಿಲ್ಲ. ಎರಡು ದೋಣಿಯಲ್ಲಿ ಕಾಲಿಡಬೇಡಿ.

ವಯಸ್ಸಿನ ಲೆಕ್ಕ

18ಕ್ಕೆ ಮತ. 21ಕ್ಕೆ ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿ, ಪುರಸಭೆ, ಮಹಾನಗರ ಪಾಲಿಕೆಗೆ ನಿಲ್ಲಬಹುದು. 25ಕ್ಕೆ ವಿಧಾನಸಭೆ, ಲೋಕಸಭೆ. 30ಕ್ಕೆ ವಿಧಾನ ಪರಿಷತ್ತು, ರಾಜ್ಯಸಭೆ.

ಅಂದರೆ 18ರಿಂದ 21ರವರೆಗೆ ಮೂರು ವರ್ಷ ಸಿಗುತ್ತದೆ. ಸುಮಾರಾಗಿ ಡಿಗ್ರಿ ಓದುವಷ್ಟೇ ಕಾಲ. ಆ ಮೂರು ವರ್ಷದಲ್ಲಿ ಕೆಳಗಿನ ಕೆಲಸಗಳಲ್ಲಿ ಅರ್ಧ ಮುಗಿಸಬಹುದು.

ನಿಮ್ಮ ನಕ್ಷೆಯೂ ಗೊತ್ತಿರಲಿ. ಶಿವಮೊಗ್ಗ ಜಿಲ್ಲೆಯಲ್ಲಿ ಏಳು ವಿಧಾನಸಭಾ ಕ್ಷೇತ್ರಗಳಿವೆ: ಶಿವಮೊಗ್ಗ, ಶಿವಮೊಗ್ಗ ಗ್ರಾಮಾಂತರ, ಭದ್ರಾವತಿ, ತೀರ್ಥಹಳ್ಳಿ, ಶಿಕಾರಿಪುರ, ಸೊರಬ, ಸಾಗರ. ಇವಕ್ಕೆ ಘಟ್ಟದ ಕೆಳಗಿನ ಬೈಂದೂರು ಸೇರಿ ಲೋಕಸಭಾ ಕ್ಷೇತ್ರ ಆಗುತ್ತದೆ. ಹೊಸನಗರ ತಾಲ್ಲೂಕಿನ ಹೆಸರಲ್ಲಿ ಈಗ ಕ್ಷೇತ್ರವೇ ಇಲ್ಲ, ನಮ್ಮನ್ನು ಆಚೆ ಈಚೆ ಹಂಚಿದ್ದಾರೆ. ನಿಮ್ಮ ಮನೆ ಯಾವ ವಾರ್ಡು, ಯಾವ ಬೂತು, ಯಾವ ಕ್ಷೇತ್ರ ಅಂತ ಥಟ್ಟನೆ ಹೇಳಲು ಬರುತ್ತಾ? ಬರದಿದ್ದರೆ ಇವತ್ತೇ ನೋಡಿಕೊಳ್ಳಿ.

ಪಟ್ಟಿ, ಪೆನ್ಸಿಲು, ಮಳೆಕೋಟು

ಈಗ ಮುಖ್ಯ ಕೆಲಸ. ನಿಮ್ಮ ಬೂತಿನ ಮತದಾರರ ಪಟ್ಟಿ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಪ್ರಿಂಟ್ ಹಾಕಿಸಿ. ಒಂದು ಪೆನ್ಸಿಲ್ ಹಿಡಿದು ಮನೆ ಮನೆಗೆ ಹೊರಡಿ.

ಬಯಲುಸೀಮೆಯಲ್ಲಿ ಒಂದು ಬೀದಿ ಹಿಡಿದರೆ ಐವತ್ತು ಮನೆ ಮುಗಿಯುತ್ತದೆ. ನಮ್ಮಲ್ಲಿ ಹಾಗಲ್ಲ. ಗುಡ್ಡದ ಆಚೆ ಒಂದು ಮನೆ, ತೋಟದ ಕೆಳಗೆ ಎರಡು, ಹಳ್ಳ ದಾಟಿದರೆ ಇನ್ನೊಂದು. ನಮ್ಮ ಬೂತಿನಲ್ಲಿ 700 ಚಿಲ್ಲರೆ ಮತ. ಎಲ್ಲ ಮನೆ ಮುಟ್ಟಲು ನನಗೆ ಹನ್ನೊಂದು ಭಾನುವಾರ ಹಿಡಿಯಿತು. ಮಳೆಗಾಲದಲ್ಲಿ ಪಟ್ಟಿಯನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು ಹೋಗಬೇಕು, ರಕ್ತ ಹೀರುವ ಉಂಬಳ ಬೇರೆ.

ಹೋದ ಮನೆಯಲ್ಲಿ ಓಟು ಕೇಳಬೇಡಿ. ಭಾಷಣವೂ ಬೇಡ. ಕೇಳಬೇಕಾದ್ದು ಇಷ್ಟೇ: ಈ ಹೆಸರುಗಳು ಸರಿ ಇವೆಯಾ? ತೀರಿಹೋದವರ ಹೆಸರು ಇನ್ನೂ ಇದೆಯಾ? ಮದುವೆಯಾಗಿ ಬಂದ ಸೊಸೆಯ ಹೆಸರು ಸೇರಿದೆಯಾ? 18 ತುಂಬಿದವರು ಯಾರು? ಬೆಂಗಳೂರಿಗೆ ಹೋದವರು ಯಾರು, ಹಬ್ಬಕ್ಕೆ ಬರುತ್ತಾರಾ?

ಹೊಸ ಹೆಸರಿಗೆ ನಮೂನೆ 6, ತಿದ್ದುಪಡಿಗೆ ಮತ್ತು ವಿಳಾಸ ಬದಲಿಗೆ ನಮೂನೆ 8. ಮೊದಲು ಜನವರಿ 1 ಒಂದೇ ಅರ್ಹತಾ ದಿನ ಇತ್ತು. ಈಗ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಅಂತ ವರ್ಷಕ್ಕೆ ನಾಲ್ಕು ಇವೆ. ಆ ದಿನಕ್ಕೆ 18 ತುಂಬಿದರೆ ಸಾಕು. ಬೂತ್ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ, ಹೆಚ್ಚಾಗಿ ನಿಮ್ಮೂರ ಅಂಗನವಾಡಿ ಟೀಚರೋ ಶಾಲೆ ಮೇಷ್ಟ್ರೋ ಆಗಿರುತ್ತಾರೆ. ಅವರ ಜೊತೆ ಚೆನ್ನಾಗಿರಿ. ಪಾಪ, ಅವರಿಗೆ ಇದೊಂದು ಹೆಚ್ಚುವರಿ ಹೊರೆ. ನೀವು ಸರಿಯಾಗಿ ತುಂಬಿದ ಫಾರಂ ತಂದುಕೊಟ್ಟರೆ ಖುಷಿಯಾಗುತ್ತದೆ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಆದರೆ ಅದು ಬಳಸುವುದು ವಿಧಾನಸಭೆಯ ಪಟ್ಟಿಯನ್ನೇ ವಾರ್ಡುವಾರು ಹರಿದು ಹಂಚಿ. ಅಲ್ಲಿ ಇಲ್ಲದ ಹೆಸರು ಇಲ್ಲೂ ಇರುವುದಿಲ್ಲ. ನನ್ನ 9 ಮತದ ಸೋಲಿನ ಕತೆ ಇದೇ. ನನ್ನ ಕೇರಿಯ ಏಳು ಹುಡುಗರ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಇನ್ನು ನಾಲ್ವರ ಹೆಸರು ಪಕ್ಕದ ವಾರ್ಡಿಗೆ ಹೋಗಿತ್ತು. "ಹೇಗೂ ನಮ್ಮ ಹುಡುಗ್ರೇ ಅಲ್ವಾ" ಅಂತ ನಾನು ನೋಡಿಯೇ ಇರಲಿಲ್ಲ. ಊರೆಲ್ಲ ಸುತ್ತಿದವನು ಸ್ವಂತ ಕೇರಿಯ ಪುಟ ತಿರುಗಿಸಿರಲಿಲ್ಲ ನೋಡಿ.

ಒಂದು ಕಾಗದವನ್ನು ಕೊನೆವರೆಗೆ ಓಡಿಸಿ

ಪಟ್ಟಿ ಹಿಡಿದು ಹೋದಾಗ ಜನ ತಾವಾಗೇ ಕಷ್ಟ ಹೇಳುತ್ತಾರೆ. ಎಲ್ಲದಕ್ಕೂ "ಮಾಡಿಸೋಣ" ಅನ್ನಬೇಡಿ. ಒಂದನ್ನು ಹಿಡಿದು, ಅದು ಮುಗಿಯುವವರೆಗೂ ಬೆನ್ನು ಬೀಳಿ.

ನನಗೆ ಸಿಕ್ಕಿದ್ದು ಒಬ್ಬ ಅಜ್ಜಿಯ 94ಸಿ ಅರ್ಜಿ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗೆ ಹಕ್ಕುಪತ್ರ ಕೇಳುವುದು, ಭೂಕಂದಾಯ ಕಾಯ್ದೆಯ ಆ ಕಲಮಿನಿಂದ ಅದಕ್ಕೆ ಆ ಹೆಸರು. ಅಜ್ಜಿ ಹಿಂಬಾಗಿಲ ಮೂಲೆಯ ಟ್ರಂಕು ತೆಗೆದು, ಹಳೆ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದ ಸ್ವೀಕೃತಿ ಚೀಟಿ ಕೊಟ್ಟಳು. ಅಕ್ಷರ ಅರ್ಧ ಅಳಿಸಿಹೋಗಿತ್ತು. "ತಮ್ಮಾ, ಇದು ಎಂತ ಕಾಗ್ದ ಅಂತ ಒಂದ್ಸಲ ಓದಿ ಹೇಳು, ಇಷ್ಟು ವರ್ಷ ಯಾರೂ ಓದಿ ಹೇಳ್ಲಿಲ್ಲ" ಅಂದಳು. ಅದರ ಹಿಂದೆ ನಾನು ನಾಡಕಚೇರಿಗೆ ನಾಲ್ಕು ಸಲ, ತಾಲ್ಲೂಕು ಕಚೇರಿಗೆ ಆರು ಸಲ ಹೋದೆ. ಕೇಸ್ ವರ್ಕರ್ ಯಾರು, ಶಿರಸ್ತೇದಾರರು ಯಾರು, ಸರ್ವೆಯರ್ ಯಾವ ವಾರ ಈ ಕಡೆ ಬರುತ್ತಾರೆ, ಕಡತ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ, ಎಲ್ಲ ಕಲಿತದ್ದು ಆಗ. ಬಿಎಯಲ್ಲಿ ಮೂರು ವರ್ಷ ರಾಜ್ಯಶಾಸ್ತ್ರ ಓದಿದಾಗ ಇದರಲ್ಲಿ ಒಂದೂ ಗೊತ್ತಾಗಿರಲಿಲ್ಲ.

ನಮ್ಮ ಕಡೆಯ ರಾಜಕೀಯದ ಮುಕ್ಕಾಲು ಪಾಲು ನೆಲದ ಕಾಗದವೇ. ಬಗರ್ ಹುಕುಂ (ಸರ್ಕಾರಿ ಜಮೀನಿನಲ್ಲಿ ಅನುಮತಿ ಇಲ್ಲದೆ ಮಾಡಿಕೊಂಡ ಸಾಗುವಳಿ), ಅರಣ್ಯ ಹಕ್ಕು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿದಾಗ ಮುಳುಗಿದ ಊರುಗಳಿಂದ ಎದ್ದು ಬಂದವರ ಜಮೀನು. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ದಾಖಲೆ ತೋರಿಸಬೇಕು. ಎಷ್ಟು ಮನೆಯಲ್ಲಿ ಅಷ್ಟು ಹಳೆಯ ಕಾಗದ ಇರುತ್ತದೆ ಹೇಳಿ. ಇದನ್ನು ಬಲ್ಲ ಹುಡುಗನನ್ನು ಜನ ಮನೆಗೇ ಕರೆದು ಕಾಫಿ ಕೊಡುತ್ತಾರೆ.

ಮಾಹಿತಿ ಹಕ್ಕು ಅರ್ಜಿ ಬರೆಯಲೂ ಕಲಿಯಿರಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೇಲ್ಮನವಿ. ಆದರೆ ಮೊದಲು ಬಾಯಲ್ಲಿ ಕೇಳಿ. ಹೋದ ಕೂಡಲೇ ಅರ್ಜಿ ಬೀಸಿದರೆ ಅಧಿಕಾರಿಗಳು ಬಾಗಿಲು ಹಾಕಿಕೊಳ್ಳುತ್ತಾರೆ. ಇನ್ನು ಅರ್ಜಿ ಹಾಕಿ ಹೆದರಿಸಿ ದುಡ್ಡು ಕೇಳುವ ಒಂದು ಜಾತಿ ಜನ ಇದ್ದಾರೆ. ಅವರ ಸಾಲಿಗೆ ಸೇರಬೇಡಿ.

ಗ್ರಾಮಸಭೆಯಲ್ಲಿ ಬಾಯಿ, ನಡಾವಳಿಯಲ್ಲಿ ಕಣ್ಣು

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ, ವಾರ್ಡ್ ಸಭೆ ನಡೆಯಬೇಕು ಅಂತ ಕಾನೂನಿದೆ. ಗ್ರಾಮಸಭೆಗೆ ಮತದಾರರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಕೋರಂ, ಅಂದರೆ ಅಷ್ಟು ಜನ ಇರಲೇಬೇಕು. ನಡೆಯುವ ರೀತಿ ನೋಡಿದರೆ ಬೇಜಾರಾಗುತ್ತದೆ. ಜನ ಬಂದು ಸಹಿ ಹಾಕಿ, ಚಹಾ ಕುಡಿದು, ಹಾಲು ಕರೆಯುವ ಹೊತ್ತಾಯಿತು ಅಂತ ಎದ್ದು ಹೋಗುತ್ತಾರೆ.

ನಮ್ಮೂರ ಹಳ್ಳಕ್ಕೆ ಒಂದು ಸಂಕ, ಅಂದರೆ ಕಾಲುಸೇತುವೆ, ಬೇಕಿತ್ತು. ಮಳೆಗಾಲದಲ್ಲಿ ಶಾಲೆ ಮಕ್ಕಳು ಎರಡು ಅಡಿಕೆ ಮರದ ದಬ್ಬೆ ಮೇಲೆ ದಾಟುತ್ತಿದ್ದರು. ಮೊದಲ ಗ್ರಾಮಸಭೆಯಲ್ಲಿ ನಾನು ಎದ್ದು ನಿಂತು ಹತ್ತು ನಿಮಿಷ ಮಾತಾಡಿದೆ. ಸ್ವಾತಂತ್ರ್ಯ ಬಂದು ಇಷ್ಟು ವರ್ಷವಾದರೂ ಅಂತ ಶುರು ಮಾಡಿ ಎಲ್ಲೆಲ್ಲಿಗೋ ಹೋದೆ. ಚಪ್ಪಾಳೆ ಬಿತ್ತು. ಮನೆಗೆ ಬಂದು ಅಮ್ಮನ ಹತ್ತಿರ ಜಂಬ ಕೊಚ್ಚಿಕೊಂಡೆ. ಮೂರು ತಿಂಗಳ ನಂತರ, ಸಭೆಯಲ್ಲಿ ಆದದ್ದನ್ನು ಬರೆದಿಡುವ ನಡಾವಳಿ ಪುಸ್ತಕ ನೋಡಿದರೆ ಸಂಕದ ಸುದ್ದಿಯೇ ಇಲ್ಲ. ನಾನು ಮಾತಾಡಿದ್ದೂ ಇಲ್ಲ.

ಮುಂದಿನ ಸಭೆಗೆ ಹೀಗೆ ಮಾಡಿದೆ. ಒಂದು ಪುಟದ ಅರ್ಜಿ, ಹಳ್ಳದ ಅಗಲ ಟೇಪು ಹಿಡಿದು ಅಳೆದ ಲೆಕ್ಕ, ದಾಟುವ ಮಕ್ಕಳ ಸಂಖ್ಯೆ, 32 ಜನರ ಸಹಿ. ಎರಡು ಪ್ರತಿ ಮಾಡಿ ಒಂದಕ್ಕೆ ಪಂಚಾಯಿತಿಯ ಸೀಲು ಹಾಕಿಸಿಕೊಂಡೆ. ಸಭೆಯಲ್ಲಿ ಒಂದೇ ನಿಮಿಷ ಮಾತಾಡಿದೆ. ಕೊನೆಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರನ್ನು ಕೇಳಿಕೊಂಡೆ: "ಸಾರ್, ನಿರ್ಣಯ ಬರೆದದ್ದು ಒಂದ್ಸಲ ಜೋರಾಗಿ ಓದ್ತೀರಾ?" ಅವರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಪೆನ್ನು ತೆಗೆದು, ಬರೆದು, ಓದಿದರು. ಸಂಕ ಆಗಲು ಎರಡು ಮಳೆಗಾಲ ಬೇಕಾಯಿತು, ಆದರೆ ಆಯಿತು. ಪಂಚಾಯಿತಿ ಮಾಡುವ ಕೆಲಸಗಳ ಪಟ್ಟಿಯಾದ ಕ್ರಿಯಾಯೋಜನೆಗೆ ಸೇರದ ಕೆಲಸಕ್ಕೆ ದುಡ್ಡು ಬರುವುದಿಲ್ಲ. ನಿರ್ಣಯ ಆಗದ ಕೆಲಸ ಕ್ರಿಯಾಯೋಜನೆಗೆ ಸೇರುವುದಿಲ್ಲ.

ಇದು ಸಣ್ಣ ವಿಷಯ ಅನಿಸಬಹುದು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ರೈತರು ಎದ್ದಿದ್ದು ಯಾವುದರಿಂದ ಗೊತ್ತಲ್ಲ? ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯಿಂದ. ಆ ಹೋರಾಟದಲ್ಲಿ ಓಡಾಡಿದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಮಾಜವಾದಿ ಪಕ್ಷದಿಂದ ಶಾಸಕರಾದರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಕಾಲೇಜಿನಲ್ಲಿ ಇರುವಾಗ

ಈಗ ನಮ್ಮ ಕಾಲೇಜುಗಳಲ್ಲಿ ಹಿಂದಿನ ಕಾಲದಂತೆ ಜೋರು ಚುನಾವಣೆ ಇಲ್ಲ. ಹಾಗಂತ ಕಲಿಯಲು ಏನೂ ಇಲ್ಲ ಅಂತಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವಾಗಲಿ, ಶಿವಮೊಗ್ಗದ ಸಹ್ಯಾದ್ರಿ ಕಾಲೇಜಾಗಲಿ, ನಿಮ್ಮ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಾಗಲಿ, ಮೂರು ಕೆಲಸ ಮಾಡಬಹುದು. ಎನ್‌ಎಸ್‌ಎಸ್ ಶಿಬಿರದಲ್ಲಿ ನೂರು ಜನಕ್ಕೆ ಏಳು ದಿನ ಊಟ ಹಾಕುವ ಜವಾಬ್ದಾರಿ ತಗೊಳ್ಳಿ. ಬಸ್ ಪಾಸು, ಸ್ಕಾಲರ್‌ಶಿಪ್, ಹಾಸ್ಟೆಲ್ ಅರ್ಜಿ ತುಂಬಲು ಜೂನಿಯರುಗಳಿಗೆ ಸಹಾಯ ಮಾಡಿ. ಚರ್ಚಾಸ್ಪರ್ಧೆಗೆ ಹೋಗಿ, ನಿಮಗೆ ಒಪ್ಪಿಗೆ ಇಲ್ಲದ ಪಕ್ಷ ವಹಿಸಿ ಮಾತಾಡಿ.

ವಿದ್ಯಾರ್ಥಿ ಸಂಘಟನೆಗಳು ಇವೆ: ಎಬಿವಿಪಿ, ಎನ್‌ಎಸ್‌ಯುಐ, ಎಸ್‌ಎಫ್‌ಐ ಮತ್ತು ಇನ್ನೂ ಕೆಲವು. ಸೇರುವ ಮೊದಲು ಅವರ ಎರಡು ಸಭೆಗೆ ಸುಮ್ನೆ ಹೋಗಿ ಕೂತು ಬನ್ನಿ. ಅಲ್ಲಿ ಪ್ರಶ್ನೆ ಕೇಳಿದ ಹುಡುಗನಿಗೆ ಏನಾಗುತ್ತದೆ ನೋಡಿ. ನಿಮಗೆ ಬೇಕಾದ ಉತ್ತರ ಅಲ್ಲೇ ಸಿಗುತ್ತದೆ.

ಕನ್ನಡದಲ್ಲಿ ಚೆನ್ನಾಗಿ ಮಾತಾಡಲು, ಬರೆಯಲು ಕಲಿಯಿರಿ. ಇಂಗ್ಲಿಷ್ ಬರುವುದಿಲ್ಲ ಅಂತ ಹಿಂಜರಿಯುವ ಹುಡುಗರಿಗೆ ನಾನು ಜೆ.ಎಚ್. ಪಟೇಲರ ಹೆಸರು ಹೇಳುತ್ತೇನೆ. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲೇ ಮಾತಾಡಿದವರು. ಹಾಗಂತ ಇಂಗ್ಲಿಷ್ ಬಿಡಬೇಡಿ, ಸುತ್ತೋಲೆ ಓದಲಾದರೂ ಬೇಕು.

ಪಕ್ಷ ಸೇರುವುದು

ಯಾವ ಪಕ್ಷ ಅಂತ ನಾನು ಹೇಳುವುದಿಲ್ಲ. ಜಾತಿ ನೋಡಿ, ಅಪ್ಪನ ಪಕ್ಷ ನೋಡಿ, ಈಗ ಗೆದ್ದವರನ್ನು ನೋಡಿ ಸೇರುವವರೇ ಜಾಸ್ತಿ. ನನ್ನ ಸಲಹೆ ಬೇರೆ. ನಮ್ಮ ಊರಿನ ನಾಲ್ಕು ವಿಷಯ ಬರೆದುಕೊಳ್ಳಿ: ಬಗರ್ ಹುಕುಂ, ಶರಾವತಿ ಸಂತ್ರಸ್ತರು (ಲಿಂಗನಮಕ್ಕಿಯಲ್ಲಿ ಊರು ಮುಳುಗಿದವರು), ಪಶ್ಚಿಮ ಘಟ್ಟದ ರಕ್ಷಣೆ ಬಗೆಗಿನ ಕಸ್ತೂರಿ ರಂಗನ್ ವರದಿ, ಅಡಿಕೆ ಆಮದು. ಪ್ರತಿ ಪಕ್ಷ ಅಧಿಕಾರದಲ್ಲಿ ಇದ್ದಾಗ ಇವಕ್ಕೆ ಏನು ಮಾಡಿತು, ವಿರೋಧದಲ್ಲಿ ಕೂತಾಗ ಏನು ಹೇಳಿತು ಅಂತ ಎರಡು ಕಾಲಂ ಮಾಡಿ. ಎರಡೂ ಕಾಲಂ ಹೊಂದುವ ಪಕ್ಷ ಸಿಗುವುದು ಕಷ್ಟ. ಕಮ್ಮಿ ಸುಳ್ಳು ಹೇಳಿದವರನ್ನು ಆರಿಸಿಕೊಳ್ಳಿ.

ಸೇರುವಾಗ ಪಕ್ಷದ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ "ಪದವಿ ಕೊಡಿ" ಅನ್ನಬೇಡಿ. "ನಮ್ಮ ಬೂತು ನಾನು ನೋಡಿಕೊಳ್ತೀನಿ" ಅನ್ನಿ. ಪೆನ್ಸಿಲ್ ಗೆರೆ ಇರುವ ನಿಮ್ಮ ಪಟ್ಟಿ ತೋರಿಸಿ. ಅಧ್ಯಕ್ಷರು ಕುರ್ಚಿ ಎಳೆದು ಕೂರಿಸುತ್ತಾರೆ. ಏಕೆಂದರೆ ಅವರ ಹತ್ತಿರ ವಾಟ್ಸಾಪ್ ಗ್ರೂಪಿನ ಅಡ್ಮಿನ್‌ಗಳು ನೂರು ಜನ ಇದ್ದಾರೆ, ಬೂತು ಗೊತ್ತಿರುವವರು ಹತ್ತು ಜನ ಇಲ್ಲ. ಬಿ.ಎಸ್. ಯಡಿಯೂರಪ್ಪನವರು ಮುಖ್ಯಮಂತ್ರಿಯಾಗುವ ಎಷ್ಟೋ ವರ್ಷ ಮೊದಲು ಶಿಕಾರಿಪುರ ಪುರಸಭೆಯಲ್ಲಿ ಕೂತಿದ್ದವರು. ಅವರ ರಾಜಕೀಯ ಒಪ್ಪಿ ಬಿಡಿ, ಶುರುವಾದ ಜಾಗ ನೋಡಿ.

ಒಂದು ಎಚ್ಚರಿಕೆ, ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಬೇರೆಯವರ ಭಾಷಣಕ್ಕೆ ನೀವು ಕೇಸು ಹಾಕಿಸಿಕೊಳ್ಳಬೇಡಿ. ಶಿವಮೊಗ್ಗದಲ್ಲಿ ಗಲಾಟೆ ಆದಾಗೆಲ್ಲ ಎಫ್‌ಐಆರಿನಲ್ಲಿ ಹೆಸರು ಬರುವುದು ಇಪ್ಪತ್ತು, ಇಪ್ಪತ್ತೆರಡರ ಹುಡುಗರದ್ದು. ಹುರಿದುಂಬಿಸಿದವರ ಮಕ್ಕಳು ಆಗ ಬೇರೆ ಊರಲ್ಲಿ ಓದುತ್ತಿರುತ್ತಾರೆ. ಪ್ರಜಾಪ್ರತಿನಿಧಿ ಕಾಯ್ದೆ ಪ್ರಕಾರ 2 ವರ್ಷ ಅಥವಾ ಜಾಸ್ತಿ ಶಿಕ್ಷೆಯಾದರೆ ಜೈಲಿನ ಅವಧಿಯ ಜೊತೆಗೆ, ಬಿಡುಗಡೆ ಆದ ಮೇಲೂ 6 ವರ್ಷ ಚುನಾವಣೆಗೆ ನಿಲ್ಲುವ ಹಾಗಿಲ್ಲ. ಧರ್ಮ, ಜಾತಿ ಹೆಸರಲ್ಲಿ ದ್ವೇಷ ಹಬ್ಬಿಸಿದ ಅಪರಾಧ ಸಾಬೀತಾದರೆ ಬರೀ ದಂಡ ಬಿದ್ದರೂ 6 ವರ್ಷ ಹೋಯಿತು.

ಮತದಾನದ ದಿನ ಬೂತಿನೊಳಗೆ

ಚುನಾವಣೆ ಅಂದರೇನು ಅಂತ ಒಂದೇ ದಿನದಲ್ಲಿ ತಿಳಿಯಬೇಕಾದರೆ ಪೋಲಿಂಗ್ ಏಜೆಂಟ್ ಆಗಿ ಕೂರಿ. ಅಭ್ಯರ್ಥಿ ಸಹಿ ಮಾಡಿದ ನಮೂನೆ 10 ಬೇಕು. ನಿಮ್ಮ ಮತದಾರರ ಗುರುತಿನ ಚೀಟಿ ಜೊತೆಗಿರಲಿ.

ಬೆಳಗ್ಗೆ 7ಕ್ಕೆ ಮತದಾನ ಇದ್ದರೆ 5.30ಕ್ಕೇ ಅಲ್ಲಿರಬೇಕು. ಅಣಕು ಮತದಾನ ಆಗ ಶುರುವಾಗುತ್ತದೆ. ಕನಿಷ್ಠ 50 ಮತ ಒತ್ತಿ, ವಿವಿಪ್ಯಾಟ್ (ಒತ್ತಿದ ಮತವನ್ನು ಕಾಗದದಲ್ಲಿ ಮುದ್ರಿಸುವ ಯಂತ್ರ) ಚೀಟಿ ಎಣಿಸಿ, ತಾಳೆ ನೋಡಿ, ಎಲ್ಲ ಅಳಿಸಿ, ಯಂತ್ರಕ್ಕೆ ಸೀಲು ಹಾಕುತ್ತಾರೆ. ತಡವಾಗಿ ಹೋದ ಏಜೆಂಟು ಆಮೇಲೆ "ಯಂತ್ರ ಸರಿ ಇಲ್ಲ" ಅಂದರೆ ಯಾರು ಕೇಳುತ್ತಾರೆ?

ಚಳಿಗೆ ಶಾಲೆಯ ಬೆಂಚು ತಣ್ಣಗೆ ಕೊರೆಯುತ್ತಿರುತ್ತದೆ. ಗೋಡೆ ಮೇಲೆ ಕಾಗುಣಿತದ ಚಾರ್ಟು. ಎದುರಿನ ಬೆಂಚಿನಲ್ಲಿ ಎದುರು ಪಕ್ಷದ ಏಜೆಂಟು, ಹೆಚ್ಚಾಗಿ ನಿಮ್ಮ ಕ್ಲಾಸ್‌ಮೇಟೋ ದೊಡ್ಡಪ್ಪನ ಮಗನೋ. ಹೆಸರು ಕೂಗುತ್ತಾರೆ, ನೀವು ಪಟ್ಟಿಯಲ್ಲಿ ಗೆರೆ ಎಳೆಯುತ್ತೀರಿ. ಎರಡು ಗಂಟೆಗೊಮ್ಮೆ ಎಷ್ಟಾಯಿತು ಅಂತ ಲೆಕ್ಕ. ಮಧ್ಯಾಹ್ನದ ಹೊತ್ತಿಗೆ ಯಾವ ಕೇರಿಯವರು ಇನ್ನೂ ಬಂದಿಲ್ಲ ಅಂತ ಪಟ್ಟಿಯೇ ಹೇಳುತ್ತದೆ. ಒಳಗೆ ಫೋನ್ ಬಳಸುವ ಹಾಗಿಲ್ಲ. ಗುರುತಿನ ಬಗ್ಗೆ ಅನುಮಾನ ಬಂದರೆ ಜಗಳ ಮಾಡಬೇಡಿ, ಮತಗಟ್ಟೆ ಅಧಿಕಾರಿಗೆ ಹೇಳಿ ಆಕ್ಷೇಪ ದಾಖಲಿಸಿ. ಸಂಜೆ ಒಟ್ಟು ಎಷ್ಟು ಮತ ಬಿತ್ತು ಅಂತ ಬರೆದ ನಮೂನೆ 17ಸಿ ಪ್ರತಿ ಕೊಡುತ್ತಾರೆ. ಅದನ್ನು ಪಡೆಯದೆ ಏಳಬೇಡಿ. ಎಣಿಕೆ ದಿನ ಆ ಹಾಳೆಯೇ ನಿಮ್ಮ ಕೈಯಲ್ಲಿರುವ ಸಾಕ್ಷಿ.

ಮೂರು ಚುನಾವಣೆ ಹೀಗೆ ಕೂತರೆ ಬೂತಿನ ಪ್ರತಿ ಮನೆ ಬಾಯಿಪಾಠ ಆಗುತ್ತದೆ.

ಸೊಸೈಟಿ ಅನ್ನುವ ಪಕ್ಕದ ಬಾಗಿಲು

ಮಲೆನಾಡಿನಲ್ಲಿ ರಾಜಕೀಯದ ಅರ್ಧ ಸಹಕಾರ ಸಂಘದಲ್ಲಿದೆ. ಹಾಲಿನ ಡೇರಿ, ಕೃಷಿ ಪತ್ತಿನ ಸಂಘ, ಅಡಿಕೆ ಮಾರಾಟಕ್ಕೆ ಮಾಮ್‌ಕೋಸ್, ಜಿಲ್ಲಾ ಮಟ್ಟಕ್ಕೆ ಹೋದರೆ ಡಿಸಿಸಿ ಬ್ಯಾಂಕ್ (ಜಿಲ್ಲಾ ಸಹಕಾರ ಬ್ಯಾಂಕು), ಶಿಮುಲ್ (ಹಾಲು ಒಕ್ಕೂಟ). ಇಲ್ಲಿ ಪಕ್ಷದ ಚಿಹ್ನೆ ಇಲ್ಲ, ಊರಿನ ಸಣ್ಣ ಸಂಘವಾದರೆ ಮತ ಹಾಕುವವರು ನೂರಿನ್ನೂರು ಷೇರುದಾರರು. ಮನೆಯವರ ಹೆಸರಿನಲ್ಲಿ ಷೇರು ಇದ್ದರೆ ನಿಮ್ಮ ಹೆಸರಿಗೂ ಒಂದು ಮಾಡಿಸಿ, ವಾರ್ಷಿಕ ಮಹಾಸಭೆಗೆ ಹೋಗಿ, ಲೆಕ್ಕಪತ್ರ ಓದಲು ಕಲಿಯಿರಿ. ಸಭೆಗೆ ಬರದವರಿಗೆ, ವ್ಯವಹಾರ ಮಾಡದವರಿಗೆ ಮತದ ಹಕ್ಕು ತಪ್ಪಬಹುದು, ಅದನ್ನು ಕಾರ್ಯದರ್ಶಿ ಹತ್ತಿರ ಮೊದಲೇ ವಿಚಾರಿಸಿ. ಪಂಚಾಯಿತಿಯಲ್ಲಿ ಸೋತ ಮೇಲೆ ನಾನು ಹಾಲಿನ ಸೊಸೈಟಿಗೆ ನಿರ್ದೇಶಕನಾದೆ. ಬೆಳಗ್ಗೆ 6ಕ್ಕೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರ ಹತ್ತಿರ ಕೇಳುವ ಸುದ್ದಿ ಯಾವ ಸಮೀಕ್ಷೆಯಲ್ಲೂ ಸಿಗುವುದಿಲ್ಲ.

ಪಂಚಾಯಿತಿಗೆ ನಿಲ್ಲುವುದು

ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅವಧಿ 5 ವರ್ಷ. ಪಕ್ಷದ ಚಿಹ್ನೆ ಇಲ್ಲ, ಆಯೋಗವೇ ಚಿಹ್ನೆ ಕೊಡುತ್ತದೆ. 2020ರಲ್ಲಿ ನಮ್ಮಲ್ಲಿ ಬ್ಯಾಲೆಟ್ ಪೇಪರಿನಲ್ಲೇ ಮತದಾನ ಆಯಿತು.

ಮೊದಲು ಮೀಸಲಾತಿ ಪಟ್ಟಿ ನೋಡಿ. ವಾರ್ಡು ಯಾರಿಗೆ ಮೀಸಲು ಅನ್ನುವುದು ಪ್ರತಿ ಸಲ ಬದಲಾಗುತ್ತದೆ. ನೀವು ಐದು ವರ್ಷ ದುಡಿದ ವಾರ್ಡು ನಿಮಗೆ ಸಿಗದಿರಬಹುದು. ಆಗ ಮುನಿಸಿಕೊಂಡು ಮನೆಯಲ್ಲಿ ಕೂತರೆ ಜನಕ್ಕೆ ಅರ್ಥವಾಗುತ್ತದೆ, ಇವನು ಸೀಟಿಗಾಗಿ ಬಂದವನು ಅಂತ. ಪಂಚಾಯಿತಿಯ ಯಾವುದೇ ವಾರ್ಡಿನ ಮತದಾರ ಬೇರೆ ವಾರ್ಡಿನಲ್ಲೂ ನಿಲ್ಲಬಹುದು ಅನ್ನುವುದೂ ನೆನಪಿರಲಿ. ಮೀಸಲು ಸ್ಥಾನವಾದರೆ ಜಾತಿ ಪ್ರಮಾಣಪತ್ರ ಮೊದಲೇ ಮಾಡಿಸಿಡಿ.

ಒಂದೇ ವಾರ್ಡಿನಲ್ಲಿ ಎರಡು ಮೂರು ಸ್ಥಾನ ಇದ್ದರೆ ಮತದಾರರಿಗೂ ಅಷ್ಟೇ ಮತ ಇರುತ್ತವೆ. ಇದೇ ಆಟದ ಮುಖ್ಯ ಗಂಟು. "ಒಂದು ಅವರಿಗೆ ಹಾಕಿ, ಇನ್ನೊಂದು ನನಗೆ" ಅನ್ನುವುದಕ್ಕೆ ನಾಚಿಕೊಳ್ಳಬೇಡಿ. ಎದುರಾಳಿಯ ಮನೆಗೂ ಹೋಗಿ. ನಮ್ಮೂರಲ್ಲಿ ಎರಡನೇ ಮತ ಹೆಚ್ಚಾಗಿ "ಪಾಪ, ನಮ್ಮನೆಗೂ ಬಂದಿದ್ದ" ಅನ್ನುವುದಕ್ಕೇ ಬೀಳುತ್ತದೆ.

ದುಡ್ಡಿನ ಮಾತು ಬಿಡುವ ಹಾಗಿಲ್ಲ. ಹಿಂದಿನ ರಾತ್ರಿ ಬಾಟಲಿ, ನೋಟು ಹಂಚುವುದು ಇಲ್ಲಿಯೂ ಇದೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ನಾನು ಹಂಚಲಿಲ್ಲ, ಸೋತೆ. ಹಂಚಿದವರಲ್ಲೂ ಇಬ್ಬರು ಸೋತರು, ಅವರ ಸಾಲ ಇನ್ನೂ ತೀರಿಲ್ಲ. ಗೋಪಾಲಗೌಡರ ಕಾಲದ "ಒಂದು ಓಟು, ಒಂದು ನೋಟು" ಮಾತನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಮತದ ಜೊತೆಗೆ ಖರ್ಚಿಗೂ ಮತದಾರರೇ ಕೊಡುವುದು. ಈಗ ಅಷ್ಟು ಆಗದಿದ್ದರೂ ಕರಪತ್ರದ ಖರ್ಚನ್ನು ಹತ್ತು ಗೆಳೆಯರಿಂದ ನೂರು ನೂರು ರೂಪಾಯಿ ಎತ್ತಿ ಮಾಡಿ. ದುಡ್ಡು ಕೊಟ್ಟವನು ಓಟು ಕೇಳಲು ಕೂಡ ಬರುತ್ತಾನೆ.

ಹುಡುಗಿಯರಿಗೆ

ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ. ಅಂದರೆ ಈ ದಾರಿ ಹುಡುಗರಿಗಿಂತ ನಿಮಗೆ ಅಗಲ. ಆದರೆ ಸದಸ್ಯೆ ಹೆಂಡತಿ, ಸಭೆಗೆ ಬರುವುದು ಗಂಡ ಅನ್ನುವುದನ್ನು ನೀವೂ ನೋಡಿರುತ್ತೀರಿ. ಓದಿದ ಹುಡುಗಿ ಎದ್ದು "ನಾನೇ ಸದಸ್ಯೆ, ನನ್ನ ಹತ್ತಿರ ಮಾತಾಡಿ" ಅಂದರೆ ಮೊದಲ ಸಭೆಯಲ್ಲಿ ಗುಸುಗುಸು, ಮೂರನೇ ಸಭೆಯಲ್ಲಿ ಪಿಡಿಒ ನೇರ ಕಡತ ತರುತ್ತಾರೆ. ಸ್ತ್ರೀಶಕ್ತಿ ಮತ್ತು ಸ್ವಸಹಾಯ ಸಂಘಗಳು ನಿಮ್ಮ ಬೂತು. ಮದುವೆಯಾಗಿ ಊರು ಬದಲಾದರೆ ಹೊಸ ಊರಲ್ಲಿ ನಮೂನೆ 8 ಹಾಕಿ ಹೆಸರು ವರ್ಗ ಮಾಡಿಸುವುದನ್ನು ಮರೆಯಬೇಡಿ. ಬಹಳ ಹೆಣ್ಣುಮಕ್ಕಳ ರಾಜಕೀಯ ಅಲ್ಲೇ ಕಳೆದುಹೋಗುತ್ತದೆ.

ಮುಂದಿನ ಮೆಟ್ಟಿಲು, ಬೇರೆ ದಾರಿ

ಪದವಿ ಮುಗಿದು ಮೂರು ವರ್ಷ ಆದವರಿಗೆ ಇನ್ನೊಂದು ಮತ ಇದೆ. ನಮ್ಮದು ನೈರುತ್ಯ ಪದವೀಧರ ಕ್ಷೇತ್ರ. ವಿಧಾನ ಪರಿಷತ್ತಿನ ಈ ಚುನಾವಣೆ 2024ರ ಜೂನಿನಲ್ಲಿ ನಡೆಯಿತು, ಅವಧಿ 6 ವರ್ಷ. ಪ್ರತಿ ಸಲ ಪಟ್ಟಿ ಹೊಸದಾಗಿ ಮಾಡುತ್ತಾರೆ, ನಮೂನೆ 18 ಮತ್ತೆ ತುಂಬಬೇಕು. ಪದವೀಧರರೇ ಇದನ್ನು ಮರೆಯುತ್ತಾರೆ. ನಿಮ್ಮ ಬ್ಯಾಚಿನ ಐವತ್ತು ಜನರ ಫಾರಂ ತುಂಬಿಸಿದರೆ ಪಕ್ಷಗಳು ನಿಮ್ಮ ಫೋನ್ ನಂಬರ್ ಕೇಳಿಕೊಂಡು ಬರುತ್ತವೆ.

ವಿಧಾನಸಭೆಯ ಕನಸು ಇದ್ದರೆ ಲೆಕ್ಕ ಗೊತ್ತಿರಲಿ. ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ 5,000. ಚಲಾವಣೆಯಾದ ಮತದ ಆರನೇ ಒಂದು ಭಾಗ ಬರದಿದ್ದರೆ ಠೇವಣಿ ಹೋಗುತ್ತದೆ. ಕರ್ನಾಟಕದಲ್ಲಿ ಒಬ್ಬ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ಪಕ್ಷೇತರರಿಗೆ ಹತ್ತು ಜನ ಸೂಚಕರು ಬೇಕು. ಯಾರೇ ಆಗಲಿ, ಆಸ್ತಿ, ಸಾಲ, ಕೇಸು ಎಲ್ಲ ಬರೆದ ಪ್ರಮಾಣಪತ್ರ ಕೊಡಬೇಕು. ಈಗಿನ ಶಾಸಕರ ಪ್ರಮಾಣಪತ್ರ ಆಯೋಗದ ವೆಬ್‌ಸೈಟಿನಲ್ಲೇ ಇದೆ. ಒಂದು ಸಂಜೆ ಕೂತು ಓದಿ, ಒಳ್ಳೆ ಪಾಠ.

ನಿಲ್ಲುವ ಆಸೆ ಇಲ್ಲದವರಿಗೂ ಕೆಲಸ ಇದೆ. ಶಾಸಕರ ಕಚೇರಿಯಲ್ಲಿ ಆಪ್ತ ಸಹಾಯಕ, ಪಕ್ಷದ ಸಾಮಾಜಿಕ ಜಾಲತಾಣ ನೋಡಿಕೊಳ್ಳುವವರು, ಸಮೀಕ್ಷೆ ಮಾಡುವ ಸಂಸ್ಥೆಗಳು. ಸಂಬಳ ಇದೆ. ಆದರೆ ಶಾಸಕರ ಮನೆಯಲ್ಲಿ ಕೆಲಸಕ್ಕೆ ಸೇರುವ ಮೊದಲು ಕೆಲಸ ಏನು, ತಿಂಗಳಿಗೆ ಎಷ್ಟು ಅಂತ ಬಾಯಿ ಬಿಟ್ಟು ಕೇಳಿ. ನಮ್ಮ ಪರಿಚಯದ ಒಬ್ಬ ಎಂಎ ಹುಡುಗ ಎರಡು ವರ್ಷ ಒಬ್ಬ ನಾಯಕರ ಮನೆಯ ನಾಯಿಗೆ ಇಂಜೆಕ್ಷನ್ ಕೊಡಿಸಲು ಓಡಾಡಿದ. ರಾಜಕೀಯ ಅನುಭವ ಅಂತ ಈಗಲೂ ಬಯೋಡೇಟಾದಲ್ಲಿ ಬರೆದುಕೊಳ್ಳುತ್ತಾನೆ.

ಸೋತ ಮಾರನೇ ದಿನ

ಹೆಚ್ಚಿನವರು ಮೊದಲ ಸಲ ಸೋಲುತ್ತಾರೆ. ಗೋಪಾಲಗೌಡರು ವಿಧಾನಸಭೆಗೆ ಹೋದದ್ದು 1952, 1962, 1967ರಲ್ಲಿ. ನಡುವಿನ 1957 ಅವರದಾಗಿರಲಿಲ್ಲ.

ಎಣಿಕೆ ಮುಗಿದ ಮಾರನೇ ದಿನ ನಾನು ಕಂಬಳಿ ಹೊದ್ದು ಮಲಗಿದ್ದೆ. ಫೋನು ಆಫ್. ಹತ್ತು ಗಂಟೆ ಹೊತ್ತಿಗೆ ಅಂಗಳದಲ್ಲಿ ಯಾರೋ ಕೆಮ್ಮಿದ ಸದ್ದು. 94ಸಿ ಅಜ್ಜಿ, ಎರಡು ಮೈಲಿ ನಡೆದು ಬಂದಿದ್ದಳು. ಸಮಾಧಾನ ಹೇಳಲು ಬಂದಿರಬೇಕು ಅಂದುಕೊಂಡೆ. ಅಜ್ಜಿ ಸೆರಗಿನಿಂದ ಒಂದು ಚೀಟಿ ತೆಗೆದಳು. "ತಮ್ಮಾ, ಸರ್ವೆಯವ್ರು ಸೋಮವಾರ ಬರ್ತಾರಂತೆ. ನೀನು ಗೆದ್ಯೋ ಸೋತ್ಯೋ ನಂಗೆ ಗೊತ್ತಿಲ್ಲ. ಚೈನು ಹಿಡಿಯೋಕೆ ಒಬ್ರು ಬೇಕಲ್ಲ, ಬರ್ತೀಯನಾ?"

ಸೋಮವಾರ ಹೋದೆ.